ಇಡೀ ಕುರಿಹಿಂಡು ಒಂದೇ ನೆಲದ ಮೇಲೆ ಬೇಡ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮಾಂಸಕ್ಕೆ ಕುರಿ ಸಾಕುವವರು ಈ ವರ್ಷ ಒಂದು ಕೆಲಸ ಮಾಡಿ. ಹಿಂಡನ್ನು ಎರಡು ಪಾಲು ಮಾಡಿ, ಬೇರೆ ಬೇರೆ ತರದ ನೆಲದಲ್ಲಿ ಮೇಯಿಸಿ. ಒಂದು ಕಡೆ ಮಳೆ ಕೈಕೊಟ್ಟರೂ ಎಲ್ಲ ಕುರಿ ಸಂತೆಗೆ ಹೊಡೆದು ಸಿಕ್ಕ ರೇಟಿಗೆ ಮಾರುವ ಗತಿ ಬರಲ್ಲ.

ಗಂಗಾವತಿಯಲ್ಲಿ ಅರ್ಧ, ಸಿರುಗುಪ್ಪದಲ್ಲಿ ಅರ್ಧ ಬಿಟ್ಟರೆ ಹಂಚಿದ ಹಾಗೆ ಆಗಲ್ಲ. ಒಂದಕ್ಕೆ ಎಡದಂಡೆ ಕಾಲುವೆ, ಇನ್ನೊಂದಕ್ಕೆ ಬಲದಂಡೆ, ಆದರೆ ನೀರು ಬರೋದು ಅದೇ ತುಂಗಭದ್ರಾ ಡ್ಯಾಮಿನಿಂದ. 2024ರ ಆಗಸ್ಟ್‌ನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಎರಡೂ ದಂಡೆಯ ರೈತರು ಒಟ್ಟಿಗೇ ಕಂಗಾಲಾದರು, ನೆನಪಿದೆ ಅಲ್ವಾ? ಅದಕ್ಕೇ ಒಂದು ಪಾಲು ಕಾಲುವೆ ಕಡೆ ಇದ್ದರೆ, ಇನ್ನೊಂದು ಕುಷ್ಟಗಿ ಕಡೆಯ ಮಸಾರಿಯಲ್ಲೋ (ಕೆಂಪು ನೆಲ) ಯಲಬುರ್ಗಾದ ಎರೆಯಲ್ಲೋ (ಕಪ್ಪು ನೆಲ) ಇರಲಿ.

ಮಳೆಗಾಲದಲ್ಲಿ ಗಬ್ಬದ ಕುರಿ, ಸಣ್ಣ ಮರಿಗಳಿಗೆ ಮಸಾರಿಯೇ ಸರಿ, ನೀರು ಬೇಗ ಇಂಗುತ್ತೆ. ಎರೆಯ ಕೆಸರು ಗೊರಸಿನ ಸಂದಿಯಲ್ಲಿ ಕೂತರೆ ಕುಂಟೋದು ಶುರು. ಎರೆಯ ಸರದಿ ಕಡಲೆ, ಬಿಳಿಜೋಳ ಕಟಾವಾದ ಮೇಲೆ. ಜೋಳದ ಕೂಳೆ ಚಿಗುರಿದ್ದರೆ ಮಾತ್ರ ಹಸಿದ ಕುರಿ ನುಗ್ಗಿಸಲೇಬೇಡಿ, ಎಳೆ ಚಿಗುರಲ್ಲಿ ಸೈನೈಡ್ ವಿಷ ಇರುತ್ತೆ, ಸ್ವಲ್ಪ ಹೊತ್ತಲ್ಲೇ ಬಿದ್ದು ಸಾಯುತ್ತವೆ.

ಭತ್ತ ಕೊಯ್ದ ಗದ್ದೆಯಲ್ಲಿ ಮೇವಿಗೆ ಬರ ಇಲ್ಲ, ಗೊಬ್ಬರಕ್ಕೆ ಅಂತ ರಾತ್ರಿ ಕುರಿ ನಿಲ್ಲಿಸಿಕೊಂಡವರು ದುಡ್ಡೋ ಕಾಳೋ ಕೊಡ್ತಾರೆ. ಆದರೆ ಗದ್ದೆಯ ಬಸವನಹುಳುವಿನಿಂದ ಲಿವರ್ ಹುಳ ಬರುತ್ತೆ. ವಾರಕ್ಕೊಮ್ಮೆ ಕುರಿಯ ಗದ್ದ ಹಿಡಿದು ನೋಡಿ. ಈ ಹುಳ ಹೊಕ್ಕಿದ್ದರೆ ದವಡೆ ಕೆಳಗೆ ಮೆತ್ತಗೆ ಬಾವು, ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತೆ, ಕಣ್ಣಿನ ರೆಪ್ಪೆ ಮಡಚಿದರೆ ಒಳಗೆ ಬಿಳಚಿಕೊಂಡಿರುತ್ತೆ. ಕೆಲವು ಜಂತಿನ ಔಷಧಿಗೆ ಮಾತ್ರ ಈ ಹುಳ ಸಾಯುತ್ತೆ. ಪಶು ಡಾಕ್ಟರಿಗೆ ಲಿವರ್ ಹುಳ ಅಂತಲೇ ಹೇಳಿ ಔಷಧಿ ಬರೆಸಿಕೊಳ್ಳಿ.

ಎರಡು ಹಿಂಡಿಗೆ ಇಬ್ಬರು ಬೇಕು, ಖರ್ಚು ಜಾಸ್ತಿ, ನಿಜ. ಅಣ್ಣತಮ್ಮಂದಿರ ಜೊತೆ ಅಥವಾ ಬೀಗರ ಜೊತೆ ಪಾಲಿಗೆ ಮಾಡಿಕೊಂಡರೆ ಹೊರೆ ಇಳಿಯುತ್ತೆ. ಕುರಿ ಸತ್ತರೆ ನಷ್ಟ ಯಾರದು, ಮರಿಯಲ್ಲಿ ಯಾರಿಗೆ ಎಷ್ಟು ಅನ್ನೋದನ್ನ ಮೊದಲೇ ಬರೆದಿಡಿ. ಸಂಬಂಧ ಉಳಿಯಬೇಕಲ್ಲ.

ಬೇರೆ ಮಾಡುವ ಮೊದಲೇ ಎಲ್ಲಕ್ಕೂ ಹಿರೇಬೇನೆ (ಪಿಪಿಆರ್), ಕರುಳುಬೇನೆ (ಇ.ಟಿ.) ಲಸಿಕೆ ಹಾಕಿಸಿ. ವಾಪಸ್ ಬಂದಾಗ ಎರಡೂ ಹಿಂಡನ್ನು ಅವತ್ತೇ ಕೂಡಿಸಬೇಡಿ. ಎರಡು ಮೂರು ವಾರ ಬೇರೆ ಹಟ್ಟಿ, ಬೇರೆ ನೀರಿನ ತೊಟ್ಟಿ. ಮೂಗು ಸುರಿಸೋದು, ಉಚ್ಚಿಕೊಳ್ಳೋದು ಇಲ್ಲ ಅಂತ ಖಾತ್ರಿ ಆದ ಮೇಲೆ ಕೂಡಿಸಿ.