ಸೆಕೆಂಡಿಗೆ ಎರಡು ಸಾಲು ಸಾಲದು: ಲಾಗರ್ ಆರಿಸಿಕೊಂಡ ನನ್ನ ಅನುಭವ

ಆಟೊಕ್ರಾಸ್ ಸ್ಪರ್ಧೆಗೆಂದೇ ಮೀಸಲಿಟ್ಟಿರುವ ನನ್ನ 2007ರ ಸ್ವಿಫ್ಟ್ 1.3 ಪೆಟ್ರೋಲ್ ಕಾರನ್ನು ನಾನೇ ಟ್ಯೂನ್ ಮಾಡಬೇಕೆಂದು ಹೊರಟಾಗ ಮೊದಲು ಕೊಂಡದ್ದು ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಅಗ್ಗದ ಒಂದು ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರು. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಅದನ್ನು ಸಿಕ್ಕಿಸಿ ಮೊಬೈಲಿನಲ್ಲಿ ಆ್ಯಪ್ ತೆರೆದರೆ ಆರ್‌ಪಿಎಂ, ಕೂಲಂಟ್ ಬಿಸಿ, ಥ್ರಾಟಲ್, ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣದ ತಿದ್ದುಪಡಿ) ಎಲ್ಲವೂ ಕಾಣಿಸುತ್ತಿದ್ದವು. ದೋಷ ಹುಡುಕಲು ಅದು ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಆದರೆ ಟ್ಯೂನಿಂಗ್‌ಗೆ ಬೇಕಾದ ಲಾಗರ್ ಆಗಿ, ಅಂದರೆ ಎಂಜಿನ್ನಿನ ಅಳತೆಗಳನ್ನು ಕ್ಷಣಕ್ಷಣಕ್ಕೂ ಸಾಲುಸಾಲಾಗಿ ಬರೆದಿಡುವ ಸಾಧನವಾಗಿ, ಅದು ಏಕೆ ಒದಗುವುದಿಲ್ಲ ಎಂದು ಅರ್ಥವಾಗಲು ನನಗೆ ಮೂರು ತಿಂಗಳು ಹಿಡಿಯಿತು.

ಎರಡನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಈ ಕಾರು 2500ರಿಂದ 6000 ಆರ್‌ಪಿಎಂಗೆ ಸುಮಾರು ನಾಲ್ಕು ಸೆಕೆಂಡಿನಲ್ಲಿ ಏರುತ್ತದೆ. ಕಾರಿನ ಪೋರ್ಟ್ ಮಾತನಾಡುವುದು ಕೆ-ಲೈನ್ ಎಂಬ ಹಳೆಯ ಸಂಪರ್ಕ ವಿಧಾನದಲ್ಲಿ. ಅದರ ವೇಗ ಸೆಕೆಂಡಿಗೆ 10.4 ಕಿಲೊಬಿಟ್ ಮಾತ್ರ, ಅದರ ಮೇಲೆ ಒಂದು ಉತ್ತರ ಬಂದ ನಂತರ ಮುಂದಿನ ಪ್ರಶ್ನೆ ಕೇಳಲು ಸಾಮಾನ್ಯವಾಗಿ 55 ಮಿಲಿಸೆಕೆಂಡಾದರೂ ಕಾಯಬೇಕು. ಐದು ಅಂಶಗಳನ್ನು ಕೇಳಿದರೆ ಒಂದು ಸುತ್ತಿಗೆ ಅರ್ಧ ಸೆಕೆಂಡ್ ಹೋಗುತ್ತದೆ, ಅಷ್ಟರಲ್ಲಿ ಎಂಜಿನ್ ನಾನೂರಕ್ಕೂ ಹೆಚ್ಚು ಆರ್‌ಪಿಎಂ ಏರಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಲಾಗಿನ ಒಂದೇ ಸಾಲಿನಲ್ಲಿ ಕಾಣುವ ಆರ್‌ಪಿಎಂ ಮತ್ತು ಥ್ರಾಟಲ್ ಒಂದೇ ಕ್ಷಣದ ಅಳತೆಗಳಲ್ಲ. ಒಂದಾದ ಮೇಲೆ ಒಂದನ್ನು ಕೇಳಿ ಅಕ್ಕಪಕ್ಕ ಬರೆದವು. ಅಂತಹ ಲಾಗನ್ನು ನಂಬಿ ಫ್ಯೂಯಲ್ ಮ್ಯಾಪ್ (ಯಾವ ಆರ್‌ಪಿಎಂ, ಯಾವ ಲೋಡಿಗೆ ಎಷ್ಟು ಪೆಟ್ರೋಲ್ ಎಂಬ ಕೋಷ್ಟಕ) ತಿದ್ದಿದರೆ ತಿದ್ದುಪಡಿ ಪಕ್ಕದ ಕೋಶಕ್ಕೆ ಹೋಗಿ ಬೀಳುತ್ತದೆ. ಕ್ಯಾನ್ ಎಂಬ ವೇಗದ ಸಂಪರ್ಕ ವಿಧಾನ ಇರುವ ಹೊಸ ಕಾರುಗಳ ಮಾತು ಬೇರೆ: ಅಲ್ಲಿ ವೇಗ ಸಾಮಾನ್ಯವಾಗಿ 500 ಕಿಲೊಬಿಟ್, ಒಂದೇ ಪ್ರಶ್ನೆಯಲ್ಲಿ ಆರು ಅಂಶಗಳವರೆಗೆ ಕೇಳಬಹುದು. ಅಂತಹ ಕಾರು ಇದ್ದವರು ಒಳ್ಳೆಯ ಅಡಾಪ್ಟರಿನಿಂದಲೇ ಸಾಕಷ್ಟು ದೂರ ಹೋಗಬಹುದು.

ಇನ್ನೊಂದು ಕೊರತೆ ಸೆನ್ಸರಿನದು. ಕಾರಿನ ಜೊತೆ ಬಂದ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಲ್ಯಾಂಬ್ಡಾ 1ರ (ಗಾಳಿ, ಪೆಟ್ರೋಲ್ ಸರಿಯಾದ ಅನುಪಾತದಲ್ಲಿರುವ ಸ್ಥಿತಿ) ಆಸುಪಾಸಿನಲ್ಲಿ ಮಿಶ್ರಣ ರಿಚ್ಚೋ (ಪೆಟ್ರೋಲ್ ಹೆಚ್ಚು) ಲೀನೋ (ಪೆಟ್ರೋಲ್ ಕಡಿಮೆ) ಎಂದಷ್ಟೇ ಹೇಳುತ್ತದೆ. ಪೂರ್ತಿ ಲೋಡಿನಲ್ಲಿ ಬೇಕಾಗುವ 0.86ನ್ನೂ ಎಂಜಿನ್ನಿಗೆ ಅಪಾಯ ತರುವ 0.95ನ್ನೂ ಅದು ಬೇರ್ಪಡಿಸಿ ತೋರಿಸಲಾರದು. ಆದ್ದರಿಂದ ಬಾಷ್ ಎಲ್‌ಎಸ್‌ಯು 4.9 ಸೆನ್ಸರಿರುವ, ಲ್ಯಾಂಬ್ಡಾವನ್ನು ಅಂಕೆಯಲ್ಲೇ ಅಳೆದು ತನ್ನ ಮೀಟರಿನಲ್ಲಿ ತೋರಿಸುವ ವೈಡ್‌ಬ್ಯಾಂಡ್ ಕಂಟ್ರೋಲರ್ ಕೊಂಡೆ. ಅದನ್ನು ಏರ್-ಫ್ಯೂಯಲ್ ರೇಶಿಯೊ ಬದಲು ಲ್ಯಾಂಬ್ಡಾದಲ್ಲೇ ಓದಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಶುದ್ಧ ಪೆಟ್ರೋಲಿಗೆ ಸರಿಯಾದ ಅನುಪಾತ 14.7 ಆದರೆ, ಈಗ ನಮ್ಮ ಬಂಕುಗಳಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20ಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಮಾತ್ರ ಎರಡಕ್ಕೂ 1 ಆಗಿಯೇ ಉಳಿಯುತ್ತದೆ.

ಹಾಗಾದರೆ ಈ ಲ್ಯಾಂಬ್ಡಾವನ್ನು ಬರೆದಿಡುವುದು ಎಲ್ಲಿ? ಜಿಪಿಎಸ್ ಇರುವ ರೇಸ್ ಲಾಗರ್ ಕೊಳ್ಳುವ ಆಸೆ ಬಹಳ ಇತ್ತು. ಲ್ಯಾಪ್ ಸಮಯ, ಬ್ರೇಕಿಂಗ್ ಜಾಗ, ತಿರುವಿನ ವೇಗ ಇವುಗಳಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನನಗೆ ಬೇಕಿದ್ದುದು, ಒಂದು ಕ್ಷಣದಲ್ಲಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪಿನ ಯಾವ ಕೋಶ ನೋಡಿ ಎಷ್ಟು ಹೊತ್ತು ಇಂಜೆಕ್ಟರ್ ತೆರೆಯಿತು, ಅದರಿಂದ ಬಂದ ಲ್ಯಾಂಬ್ಡಾ ಎಷ್ಟು ಎಂಬುದು. ಅದು ಗೊತ್ತಿರುವುದು ಇಸಿಯುಗೆ ಮಾತ್ರ. ಹೀಗಾಗಿ ಕಂಪನಿಯ ಇಸಿಯು ತೆಗೆದು ಆರ್ಡುಯಿನೊ ಮೆಗಾ ಬೋರ್ಡ್ ಆಧಾರಿತ ಸ್ಪೀಡುಯಿನೊ ಎಂಬ ಇಸಿಯು ಹಾಕಿ, ವೈಡ್‌ಬ್ಯಾಂಡಿನ ಅನಲಾಗ್ ತಂತಿಯನ್ನು ಅದಕ್ಕೇ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ಟ್ಯೂನರ್‌ಸ್ಟುಡಿಯೊ ತಂತ್ರಾಂಶದ ಮೂಲಕ ಲಾಗ್ ತೆಗೆದು ಮೆಗಾಲಾಗ್‌ವ್ಯೂವರಿನಲ್ಲಿ ನೋಡುವುದೆಂದು ನಿರ್ಧರಿಸಿದೆ. ಎಲ್ಲ ಅಂಶಗಳಿಗೂ ಒಂದೇ ಗಡಿಯಾರ ಎಂಬುದು ಈ ಆಯ್ಕೆಯ ಮುಖ್ಯ ಕಾರಣ.

ಆದರೂ ಮೊದಲ ಎರಡು ಸಂಜೆಯ ಕೆಲಸ ಪೂರ್ತಿ ವ್ಯರ್ಥವಾಯಿತು. ತಮ್ಮ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದೆ. "ಅಣ್ಣಾ, ಮೀಟರಿನಲ್ಲಿ 0.86 ಇದೆ, ನೀನು 0.90 ಅಂತೀಯಲ್ಲ" ಎಂದು ಅವನು ಹೇಳುವವರೆಗೂ ನಾನು ಕಂಟ್ರೋಲರಿನ ಮೀಟರಿನ ಕಡೆ ನೋಡಿರಲೇ ಇಲ್ಲ. ಈ ಕಂಟ್ರೋಲರಿನ ಔಟ್‌ಪುಟ್‌ನಲ್ಲಿ 0 ವೋಲ್ಟ್ ಎಂದರೆ ಲ್ಯಾಂಬ್ಡಾ 0.5, 5 ವೋಲ್ಟ್ ಎಂದರೆ 1.523, ಅಂದರೆ 0.2 ವೋಲ್ಟ್ ಆಚೀಚೆಯಾದರೆ ಓದಿಕೆ 0.04ರಷ್ಟು ತಪ್ಪುತ್ತದೆ. ಮಲ್ಟಿಮೀಟರಿನ ಒಂದು ಮೊನೆಯನ್ನು ಕಂಟ್ರೋಲರಿನ ಅರ್ಥ್ ಬೋಲ್ಟಿಗೂ ಇನ್ನೊಂದನ್ನು ಇಸಿಯು ಅರ್ಥ್‌ಗೂ ಇಟ್ಟೆ. ಸುಮ್ಮನಿದ್ದಾಗ 0.03 ವೋಲ್ಟ್ ಇತ್ತು, ರೇಡಿಯೇಟರ್ ಫ್ಯಾನ್ ತಿರುಗಿದ ಕೂಡಲೇ 0.2ಕ್ಕೆ ಏರಿತು. ನಾನು ಕಂಟ್ರೋಲರಿಗೆ ಅರ್ಥ್ ಕೊಟ್ಟದ್ದು ಗೇರ್ ಲಿವರ್ ಪಕ್ಕದ ಬಾಡಿ ಬೋಲ್ಟಿನಲ್ಲಿ, ಇಸಿಯುವಿನದು ಎಂಜಿನ್ ಮೇಲೆ. ನಡುವಿನ ಅರ್ಥ್ ಪಟ್ಟಿ ಹಸಿರು ಕಿಲುಬು ಹಿಡಿದಿತ್ತು. ಪಟ್ಟಿ ಬದಲಿಸಿ, ಎರಡೂ ಅರ್ಥ್ ತಂತಿಗಳನ್ನು ಎಂಜಿನ್ ಮೇಲಿನ ಒಂದೇ ಬೋಲ್ಟಿಗೆ ಬಿಗಿದ ಮೇಲೆ ಮೀಟರೂ ಲಾಗೂ ಒಂದೇ ಅಂಕೆ ತೋರಿಸತೊಡಗಿದವು. ಅಷ್ಟು ಹೊತ್ತಿಗೆ ಇಲ್ಲದ ಲೀನ್ ಮಿಶ್ರಣವನ್ನು ಸರಿಪಡಿಸಲು ಹೋಗಿ ಮ್ಯಾಪಿನ ಮೇಲ್ಭಾಗದಲ್ಲೆಲ್ಲ ಶೇಕಡಾ 4ರಿಂದ 5ರಷ್ಟು ಹೆಚ್ಚಿನ ಪೆಟ್ರೋಲ್ ಸೇರಿಸಿಬಿಟ್ಟಿದ್ದೆ. ಮೀಟರ್ ಮತ್ತು ಲಾಗ್ ಎರಡರಲ್ಲೂ ಲ್ಯಾಂಬ್ಡಾ ಕಾಣುವಂತಹ ಕಂಟ್ರೋಲರನ್ನೇ ಕೊಳ್ಳಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇದೇ ಕಾರಣಕ್ಕೆ.

ಈಗ ಪ್ರತಿ ಲಾಗ್ ಶುರು ಮಾಡುವ ಮೊದಲು ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಇದು ಫ್ಯೂಯಲ್ ಮ್ಯಾಪ್ ಅಲ್ಲ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು; ಎಂಜಿನ್ ನಿಂತಿದ್ದಾಗ ಹೊರಗಿನ ಒತ್ತಡವನ್ನೇ ತೋರಿಸುತ್ತದೆ) ನೋಡುತ್ತೇನೆ. ಬೆಂಗಳೂರಿನಲ್ಲಿ ಅದು ಸುಮಾರು 91 ಕಿಲೊಪ್ಯಾಸ್ಕಲ್ ತೋರಿಸಬೇಕು, ಮಂಗಳೂರಿನಲ್ಲಾದರೆ 101. ಬೆಂಗಳೂರಿನಲ್ಲಿ ನಿಂತು 101 ಕಂಡರೆ ಕ್ಯಾಲಿಬ್ರೇಶನ್ ತಪ್ಪಿದೆ ಎಂದೇ ಅರ್ಥ. ಸುಟ್ಟ ಅನಿಲವು ಆಕ್ಸಿಜನ್ ಸೆನ್ಸರಿನವರೆಗೆ ಬರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಐಡಲಿಂಗಿನಲ್ಲಿ ಪೆಟ್ರೋಲನ್ನು ಒಮ್ಮೆಲೇ ಶೇಕಡಾ 10 ಹೆಚ್ಚಿಸಿ, ಲ್ಯಾಂಬ್ಡಾ ಎಷ್ಟು ತಡವಾಗಿ ಇಳಿಯುತ್ತದೆ ಎಂದು ಲಾಗಿನಲ್ಲೇ ಅಳೆಯಬಹುದು. ಯುಎಸ್‌ಬಿ ಸಂಪರ್ಕ ನಡುವೆ ಕಡಿದುಹೋಗುತ್ತಿದ್ದುದು ಕಿಡಿಯ ವಿದ್ಯುತ್ ಅಡಚಣೆ ತಗ್ಗಿಸುವ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿದ ಮೇಲೆ ನಿಂತಿತು.

ಈ ಇಡೀ ವ್ಯವಸ್ಥೆಗೂ ಕಾಣದ ಒಂದು ಸಂಗತಿ ನಾಕಿಂಗ್, ಅಂದರೆ ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿಯೇ ಸಿಡಿಯುವುದು. ಈ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 74 ಮಿಲಿಮೀಟರ್ ಆದ್ದರಿಂದ ನಾಕಿಂಗ್ ಶಬ್ದದ ಕಂಪನ 7.7 ಕಿಲೊಹರ್ಟ್ಸ್ ಆಸುಪಾಸಿನಲ್ಲಿರುತ್ತದೆ; ಸೆಕೆಂಡಿಗೆ ಹದಿನೈದು ಸಾಲು ಬರೆಯುವ ಲಾಗಿನಲ್ಲಿ ಅದು ಸಿಗುವ ಮಾತೇ ಇಲ್ಲ. ಹಾಗಾಗಿ ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರಿನ ಶಬ್ದವನ್ನು ಪುಟ್ಟ ಆಂಪ್ಲಿಫೈಯರ್ ಮೂಲಕ ಬೇರೆ ರೆಕಾರ್ಡರಿನಲ್ಲಿ ಹಿಡಿಯುತ್ತೇನೆ. ಎರಡು ಫೈಲುಗಳನ್ನು ಹೊಂದಿಸಲು, ನಿಂತಲ್ಲೇ ಆಕ್ಸಿಲರೇಟರನ್ನು ಮೂರು ಸಲ ಒತ್ತಿ ಬಿಡುತ್ತೇವೆ. ಆ ಮೂರು ಏರಿಕೆಗಳು ಎರಡರಲ್ಲೂ ಸ್ಪಷ್ಟವಾಗಿ ಕಾಣುತ್ತವೆ. ಕಳೆದ ಬಾರಿ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ 4400 ಆರ್‌ಪಿಎಂ ಹತ್ತಿರ ಎರಡು ಸಲ ಚಿಟಿಕೆ ಹೊಡೆದಂತಹ ಸದ್ದು ಸಿಕ್ಕಿತು. ಅಲ್ಲಿ ಇಗ್ನಿಷನ್ ಟೈಮಿಂಗನ್ನು ಎರಡು ಡಿಗ್ರಿ ಹಿಂದಕ್ಕೆ ತಂದು ಮತ್ತೆ ಓಡಿಸಿದಾಗ ಆ ಸದ್ದು ಇರಲಿಲ್ಲ.