ಹಳೆ ಪಿಕಪ್‌ ಮತ್ತೆ ಓಡಬೇಕಾ? ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ಕಲಬುರಗಿ ಸುತ್ತಮುತ್ತ ಎಷ್ಟೋ ಮನೆಗಳ ಮುಂದೆ, ಹೊಲದ ಬದುವಿನಲ್ಲಿ ಹಳೆ ಪಿಕಪ್‌ಗಳು ನಿಂತಿವೆ. ಟಾಟಾ 207, ಮಹೀಂದ್ರಾದ ಹಳೆ ಗಾಡಿಗಳು. ವರ್ಷಗಟ್ಟಲೆ ತೊಗರಿ ಚೀಲ ಹೊತ್ತವು. ಚಾಸಿ, ಅಂದರೆ ಗಾಡಿ ಹೊತ್ತ ಕೆಳಗಿನ ಕಬ್ಬಿಣದ ಚೌಕಟ್ಟು, ಗಟ್ಟಿ ಇದ್ದರೆ ಇವನ್ನು ಮನೆಯಲ್ಲೇ ಸರಿಮಾಡಬಹುದು. ಚಾಸಿ ಹೋಗಿದ್ದರೆ ಮೇಲೆ ಎಷ್ಟು ಪೇಂಟ್ ಹೊಡೆದರೂ ದುಡ್ಡು ದಂಡ.

ದುಡ್ಡು ಹಾಕುವ ಮೊದಲು ಕಾಗದ ನೋಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲಿನದಕ್ಕೆ ಹೊಂದಬೇಕು. ಆ ನಂಬರ್ ಇರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಲೇಬೇಡಿ. ಎಂಜಿನ್ ಅಥವಾ ಬಣ್ಣ ಬದಲಿಸುವುದಾದರೆ ಮೊದಲೇ ಆರ್‌ಟಿಒದಲ್ಲಿ ಕೇಳಿ, ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು.

ಇನ್ನು ಚಾಸಿ. ನಮ್ಮ ಕಡೆ ಗಾಡಿಯ ದೊಡ್ಡ ಶತ್ರು ಎರೆ ಮಣ್ಣು. ಮಳೆಗಾಲದಲ್ಲಿ ಅಂಟಿದ ಕೆಸರು ಚಾಸಿಯ ಸಂದುಗಳಲ್ಲಿ, ಕಮಾನ್ ಪಟ್ಟಿಗಳ ಸುತ್ತ ಗಟ್ಟಿಯಾಗಿ ಕೂರುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿ ಹಿಡಿದುಕೊಂಡಿರುತ್ತದೆ. ಕಬ್ಬಿಣ ಅಲ್ಲಿಂದಲೇ ತಿನ್ನಿಸಿಕೊಳ್ಳುತ್ತದೆ. ಸುಮ್ನೆ ಕೆರೆಯಲು ಹೋಗಬೇಡಿ. ನೀರು ಹಾಕಿ ನೆನೆಸಿ, ಆಮೇಲೆ ಜೋರು ನೀರಿನಲ್ಲಿ ತೊಳೆಯಿರಿ. ಚಾಸಿಯಲ್ಲಿರುವ ತೂತುಗಳಿಗೆ ತಂತಿ ಹಾಕಿ ಒಳಗಿನ ಮಣ್ಣನ್ನೂ ಕೆಡವಿ. ಕೆಲವು ದಿನ ಬಿಸಿಲಿಗೆ ಬಿಡಿ.

ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿದು ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಮಂಕು ಸದ್ದು ಬಂದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ಒಳಗೆ ಹೋದರೆ ಅಷ್ಟು ಭಾಗ ಕತ್ತರಿಸಿ ಹೊಸ ಪ್ಲೇಟ್ ಕೂರಿಸಲೇಬೇಕು. ಪುಟ್ಟಿ ತುಂಬಿ ಮುಚ್ಚುವುದು ಮೋಸ, ಭಾರ ಹೇರಿದ ದಿನ ಅದು ಬಾಯಿ ಬಿಡುತ್ತದೆ. ಚಾಸಿ ವೆಲ್ಡಿಂಗ್ ಅನುಭವ ಇರುವ ಮಿಸ್ತ್ರಿಯ ಕೈಗೇ ಕೊಡಿ. ಅದಕ್ಕೆ ಮೊದಲು ಬ್ಯಾಟರಿ ತೆಗೆದು, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಡಿ. ಮೇಲ್ಮೈ ತುಕ್ಕಿಗೆ ವೈರ್ ಬ್ರಷ್, ಆಮೇಲೆ ಪ್ರೈಮರ್, ಕೊನೆಗೆ ಕಪ್ಪು ಚಾಸಿ ಪೇಂಟ್ ಸಾಕು.

ಗಾಡಿ ಕೆಳಗೆ ಮಲಗುವಾಗ ಜಾಕ್ ಒಂದನ್ನೇ ನಂಬಬೇಡಿ. ಇಟ್ಟಿಗೆ, ಶಹಾಬಾದ್ ಪರಸಿ ಒಂದರ ಮೇಲೊಂದು ಇಟ್ಟು ಗಾಡಿ ನಿಲ್ಲಿಸುವುದನ್ನು ನೋಡಿದ್ದೇನೆ. ಎರಡೂ ಫಟ್ ಅಂತ ಸೀಳುತ್ತವೆ. ಕಬ್ಬಿಣದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿಯೇ ಬೇಕು, ಅದೂ ಗಟ್ಟಿ ನೆಲದ ಮೇಲೆ.

ಎಂಜಿನ್‌ಗೆ ನೇರ ಸೆಲ್ಫ್ ಹೊಡೆಯಬೇಡಿ. ಕ್ರ್ಯಾಂಕ್ ಪುಲ್ಲಿಗೆ, ಅಂದರೆ ಎಂಜಿನ್ನಿನ ಬೆಲ್ಟ್ ಓಡಿಸುವ ಕೆಳಗಿನ ಚಕ್ರಕ್ಕೆ, ಪಾನಾ ಹಾಕಿ ಕೈಯಿಂದ ತಿರುಗಿಸಿ. ತಿರುಗಿದರೆ ಒಳ್ಳೆಯದು. ಹಳೆ ಆಯಿಲ್, ಹಳೆ ಡೀಸೆಲ್ ಖಾಲಿ ಮಾಡಿ, ಫಿಲ್ಟರ್‌ಗಳನ್ನು ಬದಲಿಸಿ. ಡೀಸೆಲ್ ಪೈಪಿನ ಗಾಳಿ ಹೊರಗೆ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡವೇ ಬೇಡ. ಸುಣ್ಣದ ಕಲ್ಲಿನ ನೆಲ ನಮ್ಮದು, ಅಲ್ವಾ? ಆ ನೀರು ಕಾದಂತೆಲ್ಲ ಒಳಗೆ ಬಿಳಿ ಪದರ ಕಟ್ಟಿ, ಎಂಜಿನ್ ಬಿಸಿಯಾಗುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಹಾಕಿ.

ಬ್ರೇಕ್ ಕೆಲಸ ಪೇಂಟಿಗಿಂತ ಮೊದಲೇ ಮುಗಿಯಬೇಕು. ಬ್ರೇಕ್ ಆಯಿಲ್ ಚೆಲ್ಲಿದರೆ ಹೊಸ ಪೇಂಟ್ ಕಿತ್ತು ಬರುತ್ತದೆ. ನಿಂತ ಗಾಡಿಯ ಬ್ರೇಕ್ ಆಯಿಲ್ ಹಸಿ ಎಳೆದುಕೊಂಡು ಕೆಟ್ಟಿರುತ್ತದೆ, ಸಿಲಿಂಡರ್‌ಗಳ ರಬ್ಬರ್ ಗಟ್ಟಿಯಾಗಿರುತ್ತದೆ. ಎರಡನ್ನೂ ಬದಲಿಸಿ. ಇಲ್ಲಿ ಉಳಿತಾಯ ನೋಡಬೇಡಿ. ಟೈರ್ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಅಂಥ ಟೈರ್‌ಗೆ ಹಲ್ಲು ಇದ್ದರೂ ಬಿರುಕು ಬಿಟ್ಟಿದ್ದರೆ ಬಿಸಾಡಿ.

ಪೇಂಟಿಗೆ ಇಲ್ಲಿನ ಹವೆ ನೋಡಿ ದಿನ ಆರಿಸಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ತಿನ್ನರ್ ಗನ್ನಿನಿಂದ ಹೊರಬೀಳುತ್ತಲೇ ಆರಿ, ಪೇಂಟ್ ಪುಡಿಪುಡಿಯಾಗಿ ಕೂರುತ್ತದೆ. ಮಳೆಗಾಲದಲ್ಲಿ ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಚಳಿಗಾಲದ ಬೆಳಗ್ಗೆ, ಇಬ್ಬನಿ ಆರಿದ ಮೇಲೆ ಒಳ್ಳೆಯ ಹೊತ್ತು. ಆದರೆ ಹತ್ತಿರದಲ್ಲಿ ತೊಗರಿ ರಾಶಿ ನಡೆಯುತ್ತಿದ್ದರೆ ಆ ದಿನ ಬಿಟ್ಟುಬಿಡಿ, ಹೊಟ್ಟೆಲ್ಲ ಬಂದು ಪೇಂಟಿಗೆ ಅಂಟುತ್ತದೆ. ತಾಡಪತ್ರಿ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ.

ಸರಕು ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಅದೂ ವಿಮೆಯೂ ಇಲ್ಲದೆ ರಸ್ತೆಗೆ ಇಳಿಸಬೇಡಿ. ಮೊದಲ ಓಡಾಟ ನಿಮ್ಮದೇ ಹೊಲದ ಬಯಲಿನಲ್ಲಿ, ಖಾಲಿ ಗಾಡಿಯಲ್ಲಿ ಇರಲಿ. ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಅನಿಸಿದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಬಿಚ್ಚಿ ಸರಿಮಾಡಿ. ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿದ ಮೇಲೆ ಫಿಟ್‌ನೆಸ್‌ಗೆ ಅರ್ಜಿ ಹಾಕಿ.