ವಾಕಿಂಗ್ ಒಂದೇ ಸಾಲದು: ನಡುವಯಸ್ಸಿನಲ್ಲಿ ಮೈಗೆ ಮತ್ತೆ ಬಲ ತುಂಬುವುದು ಹೇಗೆ?

ಐವತ್ತರ ಹತ್ತಿರ ಬಂದವರನ್ನು ದಾವಣಗೆರೆಯಲ್ಲಿ 'ಏನ್ರೀ, ವ್ಯಾಯಾಮ ಮಾಡ್ತೀರಾ?' ಅಂತ ಕೇಳಿ ನೋಡಿ. 'ದಿನಾ ಕುಂದುವಾಡ ಕೆರೆಗೆ ವಾಕಿಂಗ್ ಹೋಗ್ತೀನಲ್ಲ' ಅನ್ನುವವರೇ ಜಾಸ್ತಿ. ಒಳ್ಳೆಯದೇ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ವಾಕಿಂಗ್ ಬೇಕು. ಆದರೆ ಅದೇ ಮನುಷ್ಯ ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂತರೆ, ಏಳುವಾಗ ಪಕ್ಕದವರ ಭುಜ ಹುಡುಕುತ್ತಾರೆ. ಗ್ಯಾಸ್ ಸಿಲಿಂಡರ್ ಸರಿಸಿದ ಮಾರನೇ ದಿನ ಸೊಂಟ ಹಿಡಿದುಕೊಂಡು ಓಡಾಡುತ್ತಾರೆ.

ಕಾರಣ ಸರಳ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆಯೂ ಸವೆಯುತ್ತದೆ. ಸ್ನಾಯು, ಮೂಳೆ ಎರಡೂ ಉಳಿಯಬೇಕಾದರೆ ಅವುಗಳ ಮೇಲೆ ಭಾರ ಬೀಳಬೇಕು. ಸಪಾಟು ರಸ್ತೆಯ ನಡಿಗೆಯಲ್ಲಿ ಅಷ್ಟು ಭಾರ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಎರಡು ಭಾಗ ಇದೆ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಒಂದು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಇನ್ನೊಂದು. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟಿದ್ದೇವೆ.

ಎರಡನೆಯದಕ್ಕೆ ಈಗ ಓಡುತ್ತಿರುವ ಹೆಸರು ಫಂಕ್ಷನಲ್ ಫಿಟ್‌ನೆಸ್. ತೋಳೊಂದನ್ನೇ ಉಬ್ಬಿಸುವ ಬದಲು, ಕೂರುವುದು, ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊರುವುದು, ಮೆಟ್ಟಿಲು ಹತ್ತುವುದು ಇವನ್ನೇ ವ್ಯಾಯಾಮವಾಗಿ ಮಾಡುವುದು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದ ಊರಿಗೆ ಇದೇನು ಹೊಸದಲ್ಲ. ಗರಡಿ ಮನೆಯ ಬಸ್ಕಿ, ದಂಡ, ಗದೆ ತಿರುಗಿಸುವುದು ಎಲ್ಲವೂ ಇದೇ ಜಾತಿಯವು. ಆದರೆ ಪೈಲ್ವಾನರ ಲೆಕ್ಕದಲ್ಲಿ ನೂರಾರು ಬಸ್ಕಿ ಹೊಡೆಯಲು ಹೋಗಬೇಡಿ. ನಮಗೆ ಎಂಟು ಹತ್ತು ಸಾಕು.

ಶುರುವಿಗೆ ಮುಂಚೆ

ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ, ಮಂಡಿ ಅಥವಾ ಬೆನ್ನಿನ ಆಪರೇಷನ್ ಆಗಿದ್ದರೆ, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದೋ ತಲೆ ಸುತ್ತುವುದೋ ಆಗುತ್ತಿದ್ದರೆ ಮೊದಲು ಡಾಕ್ಟರನ್ನು ಕಾಣಿ. ಇದನ್ನು ಹಾರಿಸಬೇಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಬಹುದೋ ಇಲ್ಲವೋ ಅಂತಲೂ ಕೇಳಿಕೊಳ್ಳಿ. ಜೇಬಲ್ಲಿ ನಾಲ್ಕು ಸಕ್ಕರೆ ಚಾಕಲೇಟ್ ಇರಲಿ.

ಈಗ ಎಲ್ಲಿದ್ದೀರಿ, ಅಳೆದುಕೊಳ್ಳಿ

ಕೈಯಿಲ್ಲದ, ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ, ಎಣಿಸಿ. ವೈದ್ಯರು ಬಳಸುವ ಅಳತೆಯಲ್ಲಿ 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. ನಲವತ್ತೈದು, ಐವತ್ತರ ನಿಮಗೆ ಅದಕ್ಕಿಂತ ಜಾಸ್ತಿಯೇ ಬರಬೇಕು, ಅಲ್ವಾ?

ಆಮೇಲೆ ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಂತು ನೋಡಿ. 10 ಸೆಕೆಂಡ್ ಅಲುಗಾಡದೆ ನಿಲ್ಲಬೇಕು. ಎರಡೂ ಕಾಲಿಗೆ ಬೇರೆ ಬೇರೆ.

ಮೂರನೆಯದು ನೆಲದ ಪರೀಕ್ಷೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಜೊತೆಗಾರರು ಇದನ್ನು 51ರಿಂದ 80 ವಯಸ್ಸಿನವರ ಮೇಲೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಂತಲ್ಲಿಂದ ನೆಲಕ್ಕೆ ಕೂತು, ಮತ್ತೆ ಏಳಬೇಕು. ಕೂರುವುದಕ್ಕೆ 5, ಏಳುವುದಕ್ಕೆ 5 ಅಂಕ. ಕೈ, ಮಂಡಿ ಊರಿದರೆ ಪ್ರತಿ ಸಲ ಒಂದು ಅಂಕ ಕಟ್. ತೂರಾಡಿದರೆ ಅರ್ಧ. ಕಡಿಮೆ ಅಂಕ ಬಂದವರಲ್ಲಿ ನಂತರದ ವರ್ಷಗಳಲ್ಲಿ ಸಾವು ಹೆಚ್ಚು ಕಂಡುಬಂತು. ಹಾಗಂತ ಅಂಕ ಕಡಿಮೆ ಬಂದ ತಕ್ಷಣ ಎದೆ ಒಡೆದುಕೊಳ್ಳಬೇಕಿಲ್ಲ. ಕಾಲಿನ ಬಲ, ಮೈಯ ಬಳುಕು, ಸಮತೋಲನ ಮೂರೂ ಎಷ್ಟಿವೆ ಅಂತ ಒಂದೇ ಏಟಿಗೆ ಗೊತ್ತಾಗುತ್ತದೆ, ಅಷ್ಟೇ. ಮಂಡಿ ನೋವಿದ್ದವರು ಇದನ್ನು ಬಿಡಿ.

ಬಂದ ಅಂಕಿಗಳನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಹೊಟ್ಟೆಯ ಸುತ್ತಳತೆಯನ್ನೂ ಬರೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ತೂಕದ ಮಷೀನಿಗಿಂತ ಈ ಟೇಪು ಜಾಸ್ತಿ ನಿಜ ಹೇಳುತ್ತದೆ. ಸ್ನಾಯು ಬೆಳೆದು ಕೊಬ್ಬು ಇಳಿದಾಗ ತೂಕ ಅಲ್ಲೇ ನಿಂತಿರಬಹುದು.

ಕೂತು ಏಳುವುದು

ಪರೀಕ್ಷೆಗೆ ಬಳಸಿದ ಕುರ್ಚಿಯೇ ಮೊದಲ ವ್ಯಾಯಾಮದ ಸಾಮಾನು. ಕಾಲು ಭುಜದಷ್ಟು ಅಗಲ. ಮೂರು ಎಣಿಸುತ್ತಾ ನಿಧಾನ ಕೂರಿ, ಒಂದು ಎಣಿಸಿ ಏಳಿ. ಧೊಪ್ಪನೆ ಬೀಳಬೇಡಿ. ಬಲ ಬರುವುದು ಇಳಿಯುವಾಗಲೇ ಜಾಸ್ತಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು. ಕೈ ಊರದೆ ಏಳಲು ಆಗದಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಸುಲಭ ಅನ್ನಿಸಿದಾಗ ದಿಂಬು ತೆಗೆಯಿರಿ, ಆಮೇಲೆ ಕುರ್ಚಿ ತೆಗೆದು ಬಸ್ಕಿಗೆ ಬನ್ನಿ. ಅದೂ ಸಲೀಸಾದರೆ 5 ಕೆ.ಜಿ. ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು ಮಾಡಿ.

ಬಗ್ಗಿ ಎತ್ತುವುದು

ಇದನ್ನು ಸರಿಯಾಗಿ ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಸೊಂಟ ಹಿಡಿಯುವುದು ಹೆಚ್ಚಾಗಿ ಇಲ್ಲೇ.

ಎಪಿಎಂಸಿ ಅಂಗಳದಲ್ಲಿ ಹಮಾಲರು ಮೂಟೆ ಎತ್ತುವುದನ್ನು ಒಂದು ನಿಮಿಷ ನಿಂತು ನೋಡಿ. ಮೊದಲು ಮೂಟೆಗೆ ಕಾಲು ತಾಗುವಷ್ಟು ಹತ್ತಿರ ಹೋಗುತ್ತಾರೆ. ಕಾಲು ಅಗಲಿಸುತ್ತಾರೆ. ಸೊಂಟ ಹಿಂದಕ್ಕೆ ಹೋಗುತ್ತದೆ, ಮಂಡಿ ಸ್ವಲ್ಪ ಮಡಚುತ್ತದೆ, ಬೆನ್ನು ಮಾತ್ರ ಹಲಗೆಯ ಹಾಗೆ ನೆಟ್ಟಗೆ. ಮೂಟೆ ಮೈಗೆ ಅಂಟಿಕೊಂಡೇ ಮೇಲೆ ಬರುತ್ತದೆ. ತಿರುಗುವಾಗ ಸೊಂಟ ತಿರುಚುವುದಿಲ್ಲ, ಹೆಜ್ಜೆ ಹಾಕಿ ಇಡೀ ಮೈ ತಿರುಗಿಸುತ್ತಾರೆ. ಮನೆಯಲ್ಲಿ ನಾವು ಮಾಡುವುದು ಪೂರ್ತಿ ಉಲ್ಟಾ. ದೂರ ನಿಂತು, ಕಾಲು ನೆಟ್ಟಗಿಟ್ಟು, ಬೆನ್ನು ಬಾಗಿಸಿ ಬಕೆಟ್ ಎಳೆಯುತ್ತೇವೆ. ಅವರ ವಿದ್ಯೆ ತೆಗೆದುಕೊಳ್ಳಿ, ಅವರ ಭಾರ ಬೇಡ. ವರ್ಷಗಟ್ಟಲೆ ಅಷ್ಟು ಹೊತ್ತ ಮೈ ಸವೆಯುತ್ತದೆ.

ಕಲಿಯುವ ವಿಧಾನ ಹೀಗೆ. ಕಸಬರಿಗೆಯದೋ ಮಾಪ್‌ನದೋ ಉದ್ದ ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನುಮೂಳೆಯ ಕೆಳತುದಿ ಈ ಮೂರು ಕಡೆ ಕೋಲು ತಾಗಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಈಗ ಮಂಡಿ ಸ್ವಲ್ಪವೇ ಸಡಿಲಿಸಿ, ಕುಂಡಿಯಿಂದ ಗೋಡೆ ಮುಟ್ಟಿ. ಮೂರರಲ್ಲಿ ಒಂದು ಕಡೆ ಕೋಲು ಬಿಟ್ಟರೂ ಬೆನ್ನು ಬಾಗಿದೆ ಅಂತ ಅರ್ಥ. ತೊಡೆಯ ಹಿಂದೆ ಎಳೆತ ಗೊತ್ತಾಗಬೇಕು. ಒಂದು ವಾರ ಬರೀ ಕೋಲಲ್ಲೇ ಮಾಡಿ. ಆಮೇಲೆ 5 ಲೀಟರ್ ನೀರಿನ ಕ್ಯಾನ್ ಕೈಗೆತ್ತಿಕೊಳ್ಳಿ, ಮುಂದೆ 10 ಲೀಟರ್ ಬಕೆಟ್. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ಡಂಬೆಲ್ ಕೊಳ್ಳುವ ಖರ್ಚೇ ಇಲ್ಲ.

ತುಂಬಿದ ಸಿಲಿಂಡರನ್ನು ಮಾತ್ರ ವ್ಯಾಯಾಮದ ಸಾಮಾನು ಮಾಡಿಕೊಳ್ಳಬೇಡಿ. ಗ್ಯಾಸೇ 14.2 ಕೆ.ಜಿ., ಅದರ ಮೇಲೆ ಕಬ್ಬಿಣದ ತೂಕ ಬೇರೆ.

ತಳ್ಳುವುದು, ಎಳೆಯುವುದು

ಮೊದಲು ಗೋಡೆಗೆ ಕೈ ಊರಿ ಪುಷ್ ಅಪ್. ಆಮೇಲೆ ಅಡುಗೆ ಕಟ್ಟೆ, ನಂತರ ಮಂಚದ ಅಂಚು, ಕೊನೆಗೆ ನೆಲ. ಕೈ ಊರುವ ಜಾಗ ಕೆಳಗಾದಷ್ಟೂ ಕಷ್ಟ ಜಾಸ್ತಿ. ನೆಲಕ್ಕೆ ಬರಲು ಆರು ತಿಂಗಳು ಹಿಡಿದರೂ ಪರವಾಗಿಲ್ಲ.

ಎಳೆಯುವುದಕ್ಕೆ ಒಂದು ಕೈ ಕುರ್ಚಿ ಮೇಲಿಟ್ಟು ಬಗ್ಗಿ ನಿಲ್ಲಿ. ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ದಿನವಿಡೀ ಗಲ್ಲಾ ಮುಂದೆ ಕೂರುವವರಿಗೆ, ಮೊಬೈಲ್‌ಗೆ ಕತ್ತು ಬಗ್ಗಿಸುವವರಿಗೆ ಇದು ತಳ್ಳುವುದಕ್ಕಿಂತ ಮುಖ್ಯ. ಭುಜ ಮೇಲೆತ್ತಲು ಆಗದಷ್ಟು ಬಿಗಿದಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಶುಗರ್ ಇದ್ದವರಲ್ಲಿ ಭುಜ ಹೀಗೆ ಬಿಗಿಯುವುದು ಹೆಚ್ಚು.

ಹೊತ್ತು ನಡೆಯುವುದು

ನನ್ನ ಕೇಳಿದರೆ ಇದರಷ್ಟು ಲಾಭದ ವ್ಯಾಯಾಮ ಇನ್ನೊಂದಿಲ್ಲ. ಎರಡೂ ಕೈಯಲ್ಲಿ ಸಮ ಭಾರದ ಚೀಲ ಹಿಡಿದು, ಎದೆ ಎತ್ತಿ, 30 ಹೆಜ್ಜೆ ನಡೆಯಿರಿ. ಇಳಿಸಿ, ಸುಧಾರಿಸಿಕೊಂಡು ಮತ್ತೆ. ಕೈ ಹಿಡಿತ, ಭುಜ, ಹೊಟ್ಟೆ, ಕಾಲು ಎಲ್ಲಕ್ಕೂ ಕೆಲಸ. ಕೆಲವು ವಾರ ಆದ ಮೇಲೆ ಒಂದೇ ಕೈಯಲ್ಲಿ ಹಿಡಿದು, ಮೈ ವಾಲದಂತೆ ನಡೆದು ನೋಡಿ. ಪಕ್ಕೆ ಎಲ್ಲಿದೆ ಅಂತ ಗೊತ್ತಾಗುತ್ತದೆ!

ಭಾರ ಎತ್ತಿದರೆ ಮೈ ಗಂಡಸರ ಹಾಗೆ ಆಗುತ್ತದೆ ಅನ್ನುವ ಹೆದರಿಕೆ ಇನ್ನೂ ಕೆಲವು ಹೆಂಗಸರಲ್ಲಿ ಇದೆ. ಹಾಗೇನೂ ಆಗುವುದಿಲ್ಲ. ಮೂಳೆ ಸವೆತ ಹೆಚ್ಚು ಕಾಡುವುದು ಹೆಂಗಸರಿಗೇ, ಆದ್ದರಿಂದ ಭಾರವೂ ಅವರಿಗೇ ಹೆಚ್ಚು ಬೇಕು. ಒನಕೆ ಎತ್ತಿದ ಓಬವ್ವನ ಕೋಟೆ ಇಲ್ಲೇ ಪಕ್ಕದಲ್ಲಿದೆ, ಇದಕ್ಕೆ ಇನ್ಯಾರ ಸಾಕ್ಷಿ ಬೇಕು?

ಮೆಟ್ಟಿಲು, ಒಂಟಿ ಕಾಲು, ನೆಲ

ಮನೆಯ ಒಂದು ಮೆಟ್ಟಿಲು ಸಾಕು. ಬಲಗಾಲಿಟ್ಟು ಹತ್ತಿ, ನಿಧಾನ ಇಳಿಯಿರಿ, 8 ಸಲ. ಆಮೇಲೆ ಎಡಗಾಲು. ಹಿಂದಿನ ಕಾಲಿಂದ ನೂಕಿಕೊಳ್ಳಬೇಡಿ. ಚಿತ್ರದುರ್ಗದವರಿಗೆ ಕೋಟೆಯೇ ಇದೆ. ಆದರೆ ಏರುವಾಗ ಏದುಸಿರು, ಇಳಿಯುವಾಗ ಮಂಡಿಗೆ ಪೆಟ್ಟು ಅನ್ನುವುದು ನೆನಪಿರಲಿ. ಮೊದಲ ತಿಂಗಳು ಅರ್ಧಕ್ಕೇ ವಾಪಸ್ ಬನ್ನಿ.

ಒಂಟಿ ಕಾಲಲ್ಲಿ ನಿಲ್ಲುವುದನ್ನು ಗೋಡೆ ಪಕ್ಕ ದಿನಾ ಮಾಡಿ. ನೆಲದಿಂದ ಏಳುವುದನ್ನೂ ದಿನಾ ಮೂರು ಸಲ. ಅಂಗಾತ ಮಲಗಿ, ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಒಂದು ಪಾದ ಮುಂದಿಟ್ಟು ಏಳಿ.

ವಾರದ ಲೆಕ್ಕ

ವಾರಕ್ಕೆ ಎರಡು ದಿನ ಸಾಕು, ಮೂರಾದರೆ ಇನ್ನೂ ಒಳ್ಳೆಯದು. ನಡುವೆ ಒಂದು ದಿನ ಬಿಡುವು ಇರಲಿ, ಆ ದಿನ ನಿಮ್ಮ ವಾಕಿಂಗ್. ಐದು ನಿಮಿಷ ಕೈಕಾಲು ಆಡಿಸಿ ಮೈ ಬಿಸಿ ಮಾಡಿಕೊಳ್ಳಿ. ಪ್ರತಿ ವ್ಯಾಯಾಮ 8ರಿಂದ 10 ಸಲ, ಎರಡು ಸೆಟ್. ಎಲ್ಲಾ ಸೇರಿ ಅರ್ಧ ಗಂಟೆ. ಸೆಟ್ ಮುಗಿದಾಗ 'ಇನ್ನೂ ಎರಡು ಮೂರು ಆಗ್ತಿತ್ತು' ಅನ್ನಿಸಬೇಕು. ಹತ್ತೂ ಆಗ್ತಿತ್ತು ಅನ್ನಿಸಿದರೆ ಭಾರ ಸಾಲದು. ಎರಡು ಸಲ ಬೆನ್ನು ಬೆನ್ನಿಗೆ 12 ಸಲೀಸಾಗಿ ಬಂದರೆ ಒಂದೆರಡು ಕೆ.ಜಿ. ಸೇರಿಸಿ.

ಎತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ಮುಕ್ಕುರಿದರೆ ಬಿಪಿ ಸರ್ರನೆ ಏರುತ್ತದೆ. ಮಾರ್ಚ್‌ನಿಂದ ಮೇ ತನಕ ನಮ್ಮ ಬಿಸಿಲಿನಲ್ಲಿ ಏಳು ಗಂಟೆಯೊಳಗೇ ಮುಗಿಸಿ.

ತೊಡೆ, ಭುಜದ ಸ್ನಾಯು ಒಂದೆರಡು ದಿನ ಹಿಡಿದುಕೊಂಡರೆ ಅದು ಮಾಮೂಲಿ. ಕೀಲಿನೊಳಗೆ ಚುಚ್ಚುವ ನೋವು, ಊತ, ಸೊಂಟದಿಂದ ಕಾಲಿಗೆ ಇಳಿಯುವ ಜೋಮು ಇವು ಮಾಮೂಲಿ ಅಲ್ಲ, ನಿಲ್ಲಿಸಿ ತೋರಿಸಿ. ಎದೆ ನೋವು ಬಂದರೆ ನಾಳೆಗೆ ಕಾಯಬೇಡಿ.

ತಟ್ಟೆಯ ವಿಷಯ

ವಾಕಿಂಗ್ ಮುಗಿಸಿ ಸೀದಾ ಬೆಣ್ಣೆ ದೋಸೆ ಹೋಟೆಲಿಗೆ ಹೋಗುವ ಪದ್ಧತಿ ಊರಿಗೇ ಗೊತ್ತಿರುವುದೇ. ದೋಸೆ ಬಿಡಿ ಅಂತ ಹೇಳಿ ಬೈಸಿಕೊಳ್ಳಲು ನಾನು ತಯಾರಿಲ್ಲ. ವಾರಕ್ಕೊಂದು ಸಲ ಇರಲಿ. ಸಮಸ್ಯೆ ಇರುವುದು ದೋಸೆ, ಮಂಡಕ್ಕಿ, ಅನ್ನ ಎಲ್ಲವೂ ಪಿಷ್ಟವೇ ಆಗಿ, ಪ್ರೊಟೀನ್ ಮೂಲೆಗೆ ಬೀಳುವುದರಲ್ಲಿ. ಭಾರತದ ಆರೋಗ್ಯವಂತ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ಪ್ರಮಾಣ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. 70 ಕೆ.ಜಿ. ಇದ್ದವರಿಗೆ ಸುಮಾರು 58 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ನೂರು ಗ್ರಾಂ ಹುರುಳಿಕಾಳಿನಲ್ಲಿ 22ರ ಆಸುಪಾಸು, ಅಷ್ಟೇ ಶೇಂಗಾದಲ್ಲಿ 25. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಪೌಡರ್ ಡಬ್ಬಿ ಬೇಕಿಲ್ಲ. ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳದೆ ಪ್ರೊಟೀನ್ ಹೆಚ್ಚಿಸಬಾರದು.

ಜಿಮ್‌ಗೆ ಸೇರುವುದಾದರೆ

ಸೇರಿ, ಬೇಡ ಅನ್ನುವುದಿಲ್ಲ. ಹಣ ಕಟ್ಟುವ ಮುಂಚೆ ಒಂದು ಸಂಜೆ ಸುಮ್ನೆ ಹೋಗಿ ಕೂತು ನೋಡಿ. ನಿಮ್ಮ ವಯಸ್ಸಿನವರು ಯಾರಾದರೂ ಇದ್ದಾರಾ? ಟ್ರೇನರ್ ನಿಮ್ಮ ಬಿಪಿ, ಶುಗರ್, ಹಳೆಯ ಪೆಟ್ಟಿನ ಬಗ್ಗೆ ತಾವಾಗಿಯೇ ಕೇಳಿದರಾ? ಮೊದಲ ದಿನವೇ ಸುಸ್ತು ಹೊಡೆಸಿ ಮನೆಗೆ ಕಳಿಸುವವರು ಇಪ್ಪತ್ತರ ಹುಡುಗರಿಗೆ ಸರಿ, ನಮಗಲ್ಲ.

ಮದುವೆ ಸೀಸನ್ನು, ಜಾತ್ರೆ, ಜ್ವರ ಅಂತ ಮಧ್ಯೆ ವಾರಗಟ್ಟಲೆ ಬಿಟ್ಟುಹೋಗುವುದು ಇದ್ದದ್ದೇ. ಆಗ ಬಿಟ್ಟ ಕಡೆಯಿಂದ ಹಿಡಿಯಬೇಡಿ. ಮೊದಲ ವಾರ ಅರ್ಧ ಭಾರ, ಒಂದೇ ಸೆಟ್. ಎರಡನೇ ವಾರ ಎರಡು ಸೆಟ್. ಮೂರನೇ ವಾರ ಹಳೆಯ ಭಾರಕ್ಕೆ ಬನ್ನಿ.